ತೋಡು ದಾಟಿದ ಜೀಪಿಗೆ ಬೇರಿಂಗ್ ಗ್ರೀಸು: ಮನೆಯಂಗಳದಲ್ಲೇ ಮಾಡುವುದು ಹೇಗೆ?

ಮುಳ್ಳೇರಿಯದಿಂದ ಆದೂರಿಗೆ ಹೋಗುವ ಮಾರ್ಗದ ಬದಿಯಲ್ಲಿ ಒಂದು ದಿನ ನಮ್ಮ ಭಾವನ ಜೀಪು ನಿಂತಿತ್ತು. ಎದುರಿನ ಬಲಚಕ್ರದಿಂದ ಹೊಗೆ. ಬ್ರೇಕ್ ಹಿಡಿದಿದೆ ಅಂದುಕೊಂಡು ಭಾವ ಒಂದು ಕೊಡ ನೀರು ಹೊಯ್ದಿದ್ದರು. ತೊಂದರೆ ಬ್ರೇಕಿನದ್ದಲ್ಲ. ಹಿಂದಿನ ಭಾನುವಾರ ತಾವೇ ಬೇರಿಂಗಿಗೆ ಗ್ರೀಸು ತುಂಬಿ, "ಇನ್ನು ಐದು ವರ್ಷ ಮುಟ್ಟಬೇಕೂಂತ ಇಲ್ಲ" ಎಂದು ನಟ್ಟನ್ನು ಇದ್ದಬದ್ದ ಬಲ ಹಾಕಿ ಬಿಗಿದಿದ್ದರು. ಬಿಚ್ಚಿ ನೋಡಿದರೆ ಬೇರಿಂಗಿನ ಒಳಬಳೆ ಸ್ಪಿಂಡಲಿಗೆ, ಅಂದರೆ ಚಕ್ರ ಕೂತು ತಿರುಗುವ ಅಚ್ಚಿಗೆ, ಕಚ್ಚಿಕೊಂಡು ನೀಲಿ ಬಣ್ಣಕ್ಕೆ ತಿರುಗಿತ್ತು. ಗ್ರೀಸು ಒಳ್ಳೆಯದೇ ಇತ್ತು, ಬೇರಿಂಗೂ ಹೊಸದೇ. ತಪ್ಪಿದ್ದು ನಟ್ಟಿನ ಕಾಲು ಸುತ್ತು ಮಾತ್ರ.

ಇದೇ ತಪ್ಪನ್ನು ಆಮೇಲೆ ಇನ್ನೂ ಮೂರು ಅಂಗಳಗಳಲ್ಲಿ ನೋಡಿದೆ. ಅದಕ್ಕೇ ಈ ಬರಹ.

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ತೋಟದ ದಾರಿ ಅಂದರೆ ಅರ್ಧ ಮುರಕಲ್ಲಿನ ಏರು, ಇನ್ನರ್ಧ ತೋಡು. ಜೀಪು ಏರು ಇಳಿದು ಬರುವಾಗ ಹಬ್, ಅಂದರೆ ಬೇರಿಂಗ್ ಕೂತಿರುವ ಚಕ್ರದ ನಡುಭಾಗ, ಬಿಸಿಯಾಗಿರುತ್ತದೆ. ಹಾಗೆಯೇ ತೋಡಿಗೆ ಇಳಿದರೆ ಒಮ್ಮೆಲೇ ತಣಿಯುತ್ತದೆ. ಒಳಗಿನ ಗಾಳಿ ಕುಗ್ಗುತ್ತದೆ. ಸವೆದ ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಒಳಗೆ ಹೋದ ನೀರು ಗ್ರೀಸಿನ ಜೊತೆ ಕಲಸಿ ಹಾಲು ಜಾಸ್ತಿಯಾದ ಚಹದ ಬಣ್ಣಕ್ಕೆ ಬರುತ್ತದೆ. ಜೀಪು ನಾಲ್ಕು ದಿನ ಸುಮ್ನೆ ನಿಂತರೆ ರೋಲರುಗಳ ಮೇಲೆ ತುಕ್ಕಿನ ಗೆರೆ ಏಳುತ್ತದೆ. ಹಾಗಾಗಿ ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಬಿಚ್ಚಲೇಬೇಕು ಎಂಬುದು ನನ್ನ ಹಟ.

ಇಲ್ಲಿ ಹೇಳುವ ಲೆಕ್ಕ ವಿಲ್ಲೀಸ್ ವಂಶದ ಹಳೆಯ ಮಹೀಂದ್ರ ಜೀಪುಗಳಿಗೆ. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಜೋಡಿಸಲು ಶುರು ಮಾಡಿದರಲ್ಲ, ಆ ಸಂತತಿ. ಸ್ಪಿಂಡಲಿನ ತುದಿಯಲ್ಲಿ ಒಂದರ ಹಿಂದೆ ಒಂದು ಎರಡು ದೊಡ್ಡ ನಟ್, ನಡುವೆ ಲಾಕ್ ವಾಷರ್ ಇರುವ ಗಾಡಿಗಳು. ಹೊಸ ಗಾಡಿಗಳ ಹಬ್ ಬೇರೆ ಥರ. ಅವಕ್ಕೆ ಈ ಲೆಕ್ಕ ಹಾಕಬೇಡಿ.

ರೋಗ ಎಲ್ಲಿದೆ?

ಎದುರಿನ ಚಕ್ರ ಎತ್ತಿ, ಒಂದು ಕೈ ಮೇಲೆ, ಒಂದು ಕೈ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗೇ ಎಂದು ತೀರ್ಮಾನಿಸಬೇಡಿ. ಮನೆಯವರಲ್ಲಿ ಯಾರಾದರೂ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಮತ್ತೆ ಅಲ್ಲಾಡಿಸಿ. ಆಟ ನಿಂತಿತಾ? ಹಾಗಾದರೆ ವೀಲ್ ಬೇರಿಂಗ್. ಬ್ರೇಕ್ ಒತ್ತಿದರೂ ಅಲ್ಲಾಡಿದರೆ ಕಿಂಗ್ ಪಿನ್, ಅಂದರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು. ಅದು ಬೇರೆ ಕೆಲಸ. ಚಕ್ರದ ಎಡ ಬಲ ಹಿಡಿದಾಗ ಮಾತ್ರ ಅಲ್ಲಾಡುವುದಾದರೆ ಮೊದಲು ಸ್ಟಿಯರಿಂಗ್ ರಾಡಿನ ಕೊನೆಗಳನ್ನು ನೋಡಿ. ಈ ಐದು ನಿಮಿಷದ ಪರೀಕ್ಷೆ ಮಾಡದೆ ಬೇರಿಂಗ್ ಬದಲಿಸಿ ದುಡ್ಡು ಕಳೆದವರು ನಮ್ಮೂರಲ್ಲಿ ಬೇಕಷ್ಟಿದ್ದಾರೆ.

ಬೇರಿಂಗಿಗೆ ನೀರು ಒಂದೇ ವೈರಿ ಅಲ್ಲ. ಅಗಲದ ಟೈರು, ಹೊರಗೆ ಚಾಚಿದ ರಿಮ್, ರಿಮ್ಮಿನ ಹಿಂದೆ ಸ್ಪೇಸರ್. ಚಕ್ರ ಹೊರಗೆ ಹೋದಷ್ಟೂ ಹೊರಗಿನ ಬೇರಿಂಗಿನ ಮೇಲೆ ಭಾರ ಏರುತ್ತದೆ. ನೋಡಲು ಚಂದ, ಅಷ್ಟೇ. ಅದಲ್ಲದೆ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಡಾಖಂಡಿತವಾಗಿ ಹೇಳಿದ್ದು ನಮ್ಮ ಕೇರಳದಿಂದ ಹೋದ ಕೇಸಿನಲ್ಲೇ. ಗಾಡಿಯ ನಂಬರ್ ಕಾಸರಗೋಡಿನ ಕೆಎಲ್ 14 ಇರಲಿ, ವೆಳ್ಳರಿಕುಂಡಿನ ಕೆಎಲ್ 79 ಇರಲಿ, ದೊಡ್ಡ ಟೈರು ಹಾಕಿ ಪೇಟೆಗೆ ಇಳಿದರೆ ಕಣ್ಣಿಗೆ ಬೀಳುವುದು ಖಂಡಿತ. ಕಂಪನಿ ಅಳತೆಯ ಸಪೂರ ಟೈರೇ ಕೆಸರನ್ನು ಕೊಯ್ದುಕೊಂಡು ನೆಲ ಮುಟ್ಟುತ್ತದೆ. ನನ್ನ ಜೀಪಿನಲ್ಲಿ ಇವತ್ತಿಗೂ ಅದೇ.

ಎತ್ತುವುದು, ಬಿಚ್ಚುವುದು

ಜ್ಯಾಕಿನ ಅಡಿಗೆ ಅಗಲದ ಗಟ್ಟಿ ಹಲಗೆ ಬೇಕು. ಹಲಸಿನದ್ದಾದರೆ ಒಳ್ಳೆಯದು. ತೋಟದ ಮಣ್ಣಿನಲ್ಲಿ ಬರೀ ಜ್ಯಾಕ್ ಇಟ್ಟರೆ ಅದೇ ಒಳಗೆ ಇಳಿಯುತ್ತದೆ, ಜೀಪು ಏಳುವುದಿಲ್ಲ. ಎತ್ತಿದ ಮೇಲೆ ಆಕ್ಸಲ್ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಇಡಿ. ಮುರಕಲ್ಲು ಬೇಡ, ಸಿಮೆಂಟಿನ ಟೊಳ್ಳು ಕಲ್ಲಂತೂ ಬೇಡವೇ ಬೇಡ. ಅವು ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ. ಹಿಂದಿನ ಎರಡೂ ಚಕ್ರಕ್ಕೆ ಅಡ್ಡ ಕಲ್ಲು ಕೊಡಿ. ಹಳೆಯ ಜೀಪುಗಳ ಹ್ಯಾಂಡ್ ಬ್ರೇಕ್ ಚಕ್ರಕ್ಕಲ್ಲ, ಗೇರ್ ಬಾಕ್ಸ್ ಹಿಂದಿನ ಶಾಫ್ಟಿಗೆ ಇರುವುದು. ಹಿಂದಿನ ಒಂದು ಚಕ್ರ ನೆಲ ಬಿಟ್ಟರೂ ಸಾಕು, ಆ ಬ್ರೇಕಿಗೆ ಅರ್ಥ ಇಲ್ಲ. ಡಿಫರೆನ್ಶಿಯಲ್ ಒಳಗೆ ಆ ಚಕ್ರ ಸುಮ್ನೆ ತಿರುಗಿಕೊಂಡು ಜೀಪು ಉರುಳುತ್ತದೆ.

ಚಕ್ರದ ನಟ್ ಬಿಚ್ಚುವಾಗ ಒಂದು ಮಾತು. ಕೆಲವು ಹಳೆಯ ಜೀಪುಗಳ ಎಡಗಡೆ ಚಕ್ರದ ನಟ್ಟಿಗೆ ತಿರುಗಾ ಮರೆ (ಥ್ರೆಡ್), ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬೋಲ್ಟಿನ ತಲೆಯಲ್ಲಿ ಎಲ್ ಅಕ್ಷರ ಇದೆಯಾ ನೋಡಿ. ಇದು ಗೊತ್ತಿಲ್ಲದೆ ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಬೋಲ್ಟು ಮುರಿದವರಲ್ಲಿ ನಾನೂ ಒಬ್ಬ.

ಚಕ್ರ ತೆಗೆದು, ಹಬ್ಬಿನ ಮುಚ್ಚಳ, ಡ್ರೈವ್ ಫ್ಲ್ಯಾಂಜ್, ಹೊರ ನಟ್, ವಾಷರ್, ಒಳ ನಟ್, ಹೀಗೆ ಬಿಚ್ಚುತ್ತಾ ಹೋಗಿ. ತೆಗೆದದ್ದನ್ನು ತೆಗೆದ ಕ್ರಮದಲ್ಲೇ ಒಂದು ಅಡಕೆ ಹಾಳೆಯ ಮೇಲೆ ಸಾಲಾಗಿ ಜೋಡಿಸಿ. ಹಾಳೆಯ ಅಂಚು ಎತ್ತರ ಇರುವುದರಿಂದ ಏನೂ ಉರುಳಿ ಹೋಗುವುದಿಲ್ಲ. ದುಡ್ಡು ಕೊಟ್ಟು ತರುವ ಟ್ರೇ ಇದರ ಮುಂದೆ ಏನೂ ಅಲ್ಲ.

ದೊಡ್ಡ ನಟ್ಟಿಗೆ ಅದರದ್ದೇ ಬಾಕ್ಸ್ ಸ್ಪ್ಯಾನರ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವುದು ನಮ್ಮಲ್ಲಿ ಮಾಮೂಲು. ನಿಮ್ಮ ನಟ್ಟಿನ ಮೂಲೆಗಳು ಇಲಿ ಕೊರೆದ ಬೊಂಡದ ಹಾಗೆ ಕಂಡರೆ ಹಿಂದೆ ಯಾರೋ ಅದನ್ನೇ ಮಾಡಿದ್ದಾರೆ ಎಂದರ್ಥ. ಬದಲಿಸಿ. ಉಳಿಯಿಂದ ಎಷ್ಟು ಬಿಗಿದೆ ಎಂಬ ಅಂದಾಜು ದೇವರಿಗೂ ಸಿಗುವುದಿಲ್ಲ.

ತೊಳೆಯುವುದು, ತುಂಬುವುದು

ಡೀಸಿಲಿನಲ್ಲಿ ತೊಳೆಯಿರಿ. ಪೆಟ್ರೋಲ್ ಬೇಡ. ತೊಳೆಯುವ ಬಕೆಟ್ ಯಾವುದು ಎಂಬುದೂ ಮುಖ್ಯ. ಅಡಕೆಗೆ ಹೊಡೆಯುವ ಬೋರ್ಡೋ ಮದ್ದಿಗೆ ಮೈಲುತುತ್ತು ಕಲಸಿದ ಬಕೆಟ್ ಅಂಗಳದಲ್ಲೇ ಬಿದ್ದಿರುತ್ತದೆ, ಕೈ ಅದಕ್ಕೇ ಹೋಗುತ್ತದೆ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ನಿಮ್ಮ ಜೀಪಿನ ಹಿಂದಿನ ತಗಡು, ಮದ್ದಿನ ಬ್ಯಾರಲ್ ಇಡುವ ಜಾಗದಲ್ಲೇ ಮೊದಲು ತೂತು ಬಿದ್ದದ್ದು ಯಾಕೆ ಅಂದುಕೊಂಡಿರಿ?

ತೊಳೆದ ಬೇರಿಂಗನ್ನು ಕಂಪ್ರೆಸರ್ ಗಾಳಿಯಲ್ಲಿ ಗಿರ್ರನೆ ತಿರುಗಿಸುವ ಆಟ ಬೇಡ. ಗ್ರೀಸಿಲ್ಲದ ರೋಲರ್ ಆ ವೇಗಕ್ಕೆ ಗೀರಿಹೋಗುತ್ತದೆ. ಒರೆಸಿ, ಬಿಸಿಲಿಗೆ ಹಿಡಿದು ನೋಡಿ. ರೋಲರಿನಲ್ಲಿ ಸಣ್ಣ ಗುಳಿ, ನೀಲಿ ಛಾಯೆ, ತುಕ್ಕಿನ ಗೆರೆ, ಯಾವುದು ಕಂಡರೂ ಬದಲಿಸಿ. ಬದಲಿಸುವಾಗ ಹಬ್ಬಿನೊಳಗೆ ಕೂತಿರುವ ಬೇರಿಂಗಿನ ಹೊರಬಳೆ, ಅಂದರೆ ಕಪ್ಪನ್ನೂ ತೆಗೆಯಬೇಕು. ರೋಲರ್ ಹೊಸದು, ಕಪ್ ಹಳೆಯದು ಎಂಬ ಉಳಿತಾಯ ಎರಡೇ ತಿಂಗಳು. ಹೊಸ ಕಪ್ ಕೂರಿಸಲು ಹಳೆಯ ಕಪ್ಪನ್ನೇ ಅದರ ಮೇಲಿಟ್ಟು ಸುತ್ತಲೂ ಸಮವಾಗಿ ಬಡಿಯಿರಿ. ಕೊನೆಗೆ ಶಬ್ದ ಬದಲಾಗುತ್ತದೆ. ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂದರೆ ಕೂತಿತು ಎಂದು ಲೆಕ್ಕ.

ಗ್ರೀಸು ಲೀಥಿಯಂ ಇರಲಿ, ಡಬ್ಬಿಯ ಮೇಲೆ ಗ್ರೇಡ್ 2 ಎಂದಿರಲಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ತೂಗಿ ಕೊಡುವ ಹೆಸರಿಲ್ಲದ ಗ್ರೀಸನ್ನು ಮೊನ್ನೆಯೂ ಒಬ್ಬರು ತಂದಿದ್ದರು. ಬಿಸಿಗೆ ಎಣ್ಣೆಯಾಗಿ ಹರಿದು ಬ್ರೇಕ್ ಶೂವಿನ ಮೇಲೆ ಬಂತು. ಶೂ ಹೋಯಿತು, ಉಳಿಸಿದ ದುಡ್ಡೂ ಹೋಯಿತು. ಗ್ರಾಫೈಟ್ ಗ್ರೀಸು ಸ್ಪ್ರಿಂಗ್ ಪ್ಲೇಟುಗಳ ನಡುವೆ ಹಾಕಲು ಒಳ್ಳೆಯದು, ಇಲ್ಲಿಗಲ್ಲ. ಹಳೆಯ ಗ್ರೀಸಿನ ಮೇಲೆ ಹೊಸದನ್ನು ಬಳಿಯಬೇಡಿ.

ಅಂಗೈಯಲ್ಲಿ ನಿಂಬೆಯಷ್ಟು ಗ್ರೀಸು ಇಟ್ಟುಕೊಂಡು, ಬೇರಿಂಗಿನ ದೊಡ್ಡ ಬದಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ಇನ್ನೊಂದು ಬದಿಯಿಂದ ರೋಲರುಗಳ ಸಂದಿನಲ್ಲಿ ಗ್ರೀಸು ಶಾವಿಗೆಯ ಹಾಗೆ ಇಣುಕಬೇಕು. ಸುತ್ತಲೂ ಹಾಗೆ ಬರುವವರೆಗೆ ಬಿಡಬೇಡಿ. ಹಬ್ಬಿನ ಹೊಟ್ಟೆಗೆ ಮಾತ್ರ ತುಂಬಿಸಬೇಡಿ, ಒಳಗೋಡೆಗೆ ಬಳಿದರೆ ಸಾಕು. ತುಂಬಿಸಿದರೆ ಬಿಸಿಗೆ ಹಿಗ್ಗಿ ಸೀಲನ್ನೇ ಹೊರಗೆ ದಬ್ಬುತ್ತದೆ. ಸೀಲ್ ಪ್ರತಿ ಸಲವೂ ಹೊಸದು, ತುಟಿ ಬೇರಿಂಗಿನ ಕಡೆಗೆ.

ನಟ್ ಬಿಗಿಯುವ ಹೊತ್ತು

ಇಲ್ಲಿ ಅವಸರ ಬೇಡ. ಚಹ ಕುಡಿದು ಬನ್ನಿ.

ಮೊದಲು ಬ್ರೇಕ್ ಶೂವನ್ನು ಪೂರ್ತಿ ಸಡಿಲ ಮಾಡಿ. ಹೆಚ್ಚಿನವರು ಮರೆಯುವುದು ಇದನ್ನೇ. ಶೂ ಡ್ರಮ್ಮಿಗೆ ಸ್ವಲ್ಪ ತಾಗುತ್ತಿದ್ದರೂ ಚಕ್ರ ಬಿಗಿ ಅನಿಸುತ್ತದೆ. ಅದು ಬೇರಿಂಗಿನ ಬಿಗಿಯೋ ಬ್ರೇಕಿನದೋ ಕೈಗೆ ತಿಳಿಯುವುದಿಲ್ಲ. ಬೇರಿಂಗ್ ಆಯಿತು ಎಂದು ಬಿಡುತ್ತೀರಿ, ನಿಜಕ್ಕೂ ಅದು ಸಡಿಲವೇ ಇರುತ್ತದೆ.

ಈಗ ಒಳ ನಟ್ ಹಾಕಿ. ಒಂದು ಕೈಯಲ್ಲಿ ಹಬ್ಬನ್ನು ತಿರುಗಿಸುತ್ತಲೇ ಇರಿ, ಇನ್ನೊಂದು ಕೈಯಲ್ಲಿ ನಟ್ ಬಿಗಿಯುತ್ತಾ ಹೋಗಿ. ನಿಂತ ಹಬ್ಬಿನಲ್ಲಿ ಬಿಗಿದರೆ ರೋಲರುಗಳು ಓರೆಯಾಗಿಯೇ ಉಳಿಯುತ್ತವೆ, ಎರಡು ಕಿಲೋಮೀಟರ್ ಓಡಿದ ಮೇಲೆ ನೆಟ್ಟಗೆ ಕೂತು ಆಟ ಬರುತ್ತದೆ. ಹಬ್ ಕೈಗೆ ಭಾರವಾಗಿ ಹಿಡಿಯತೊಡಗುವವರೆಗೆ ಬಿಗಿಯಿರಿ. ಟಾರ್ಕ್ ರೆಂಚ್ ಇದ್ದವರಿಗೆ ಸುಮಾರು 7 ಕೆ.ಜಿ.-ಮೀಟರ್. ಇಲ್ಲದವರು ಒಂದು ಅಡಿ ಹಿಡಿಯ ತುದಿಯಲ್ಲಿ 22-23 ಕಿಲೋ ತೂಕದಷ್ಟು ಒತ್ತಿದ ಹಾಗೆ ಅಂದುಕೊಳ್ಳಿ. ಇದು ಕೊನೆಯ ಬಿಗಿ ಅಲ್ಲ. ಬೇರಿಂಗ್ ತನ್ನ ಜಾಗದಲ್ಲಿ ಕೂರಲಿ ಎಂದು ಮಾತ್ರ. ಭಾವ ನಿಲ್ಲಿಸಿದ್ದು ಇಲ್ಲೇ.

ಇನ್ನು ಹಿಂದಕ್ಕೆ ಬರಬೇಕು. ನಟ್ಟಿಗೆ ಆರು ಮುಖ. ಒಂದು ಮುಖಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಅದರ ಪಕ್ಕದ ಮುಖ ಇದ್ದ ಜಾಗಕ್ಕೆ ಆ ಗುರುತು ಬರುವಷ್ಟು ಸಡಿಲಿಸಿ. ಆರನೇ ಒಂದು ಸುತ್ತು. ಹಬ್ ಈಗ ಒಂದು ಬೆರಳಿಗೆ ತಿರುಗಬೇಕು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಸದ್ದು ಇರಬಾರದು. ಇನ್ನೂ ಹಿಡಿಯುತ್ತಿದ್ದರೆ ಕಾಲು ಸುತ್ತಿನವರೆಗೆ ಸಡಿಲಿಸಬಹುದು, ಅದಕ್ಕಿಂತ ಜಾಸ್ತಿ ಬೇಡ.

ಲಾಕ್ ವಾಷರ್ ಹಾಕಿ, ಹೊರ ನಟ್ಟನ್ನು ಗಟ್ಟಿಯಾಗಿಯೇ ಬಿಗಿಯಿರಿ. ಮತ್ತೆ ಹಬ್ ತಿರುಗಿಸಿ ನೋಡಿ. ಯಾಕೆಂದರೆ ಹೊರ ನಟ್ ಬಿಗಿಯುವಾಗ ಮರೆಯ ಸಂದಿನಲ್ಲಿದ್ದ ಸಣ್ಣ ಆಟ ಹೋಗಿ ಒಳ ನಟ್ ಕೂದಲಿನಷ್ಟು ಒಳಗೆ ಸರಿಯುತ್ತದೆ. ಸರಿಯಾಗಿದ್ದದ್ದು ಬಿಗಿಯಾಗುತ್ತದೆ. ಹಾಗಾದರೆ ಎಲ್ಲ ಬಿಚ್ಚಿ ಒಳ ನಟ್ಟನ್ನು ಒಂದು ಚೂರು ಸಡಿಲಿಸಿ ಮತ್ತೆ ಹಾಕಿ. ನನಗೆ ಪ್ರತಿ ಸಲವೂ ಎರಡು ಮೂರು ಬಾರಿ ಹೀಗೆ ಹೋಗಿ ಬರಬೇಕಾಗುತ್ತದೆ. ನನಗೆ ಕಲಿಸಿದ ಮೇಸ್ತ್ರಿ ಸ್ಪ್ಯಾನರಿನ ಮೇಲೆ ನನ್ನ ಕೈ ಬಲ ಹಾಕುವುದನ್ನು ಕಂಡರೆ ಸಾಕು, "ಮತಿ, ಮತಿ" (ಸಾಕು, ಸಾಕು) ಎಂದು ಮಲಯಾಳದಲ್ಲಿ ಕೂಗುತ್ತಿದ್ದರು. ಕೊನೆಗೆ ವಾಷರಿನ ಒಂದು ಕಿವಿಯನ್ನು ಒಳ ನಟ್ಟಿನ ಮೇಲೆ, ಇನ್ನೊಂದನ್ನು ಹೊರ ನಟ್ಟಿನ ಮೇಲೆ ಮಡಚಿ. ಒಮ್ಮೆ ಮಡಚಿ ಬಿಡಿಸಿದ ಕಿವಿ ಮತ್ತೆ ಮಡಚಿದರೆ ಮುರಿಯುತ್ತದೆ. ವಾಷರ್ ಹೊಸದೇ ಆಗಲಿ.

ಬ್ರೇಕ್ ಶೂ ಮತ್ತೆ ಹೊಂದಿಸಿ, ಚಕ್ರ ಹಾಕಿ, ಐದು ಕಿಲೋಮೀಟರ್ ಓಡಿಸಿ ಬನ್ನಿ. ದಾರಿಯಲ್ಲಿ ಬ್ರೇಕ್ ಜಾಸ್ತಿ ಒತ್ತಬೇಡಿ, ಇಲ್ಲದಿದ್ದರೆ ಆ ಬಿಸಿಯೂ ಲೆಕ್ಕಕ್ಕೆ ಸೇರುತ್ತದೆ. ಇಳಿದ ಕೂಡಲೇ ಹಬ್ಬನ್ನು ಮುಟ್ಟಿ. ಉಗುರು ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಸುಟ್ಟರೆ ಇವತ್ತೇ ಬಿಚ್ಚಿ. ನೀರು ಹೊಯ್ಯಬೇಡಿ.

ಉಳಿದ ಹೊತ್ತಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಳ್ಳಿ. ಮನೆಯಲ್ಲಿ ಮಾಡುವ ಮಾರ್ಪಾಡುಗಳಲ್ಲಿ ನಾನು ಒಪ್ಪುವುದು ಇದೊಂದನ್ನೇ. ಆಕ್ಸಲ್ ಮೇಲೆ ಉಸಿರಾಡಲು ಒಂದು ಸಣ್ಣ ತೂತಿನ ಬ್ರೀದರ್ ಇರುತ್ತದೆ. ತೋಡಿನಲ್ಲಿ ಡಿಫರೆನ್ಶಿಯಲ್ ಕೂಡ ಹಬ್ಬಿನ ಹಾಗೆಯೇ ಒಮ್ಮೆಲೇ ತಣಿದು ಅದರಿಂದ ನೀರು ಎಳೆಯುತ್ತದೆ. ಅದಕ್ಕೆ ಡೀಸಿಲ್ ಪೈಪಿನ ಒಂದು ತುಂಡು ಸಿಕ್ಕಿಸಿ, ಕ್ಲಿಪ್ ಹಾಕಿ, ಬಾನೆಟ್ ಒಳಗೆ ಎತ್ತರಕ್ಕೆ ಒಯ್ದು ಬಾಯಿ ಕೆಳಗೆ ಮಾಡಿ ಕಟ್ಟಿ. ಚಕ್ರ ಪೂರ್ತಿ ಮೇಲೆ ಕೆಳಗೆ ಆದಾಗಲೂ ಜಗ್ಗದಷ್ಟು ಉದ್ದ ಬಿಡಿ, ಸೈಲೆನ್ಸರಿಗೆ ತಾಗದಂತೆ ನೋಡಿಕೊಳ್ಳಿ.

ಬಲಗಡೆ ಮುಗಿಯಿತಲ್ಲ, ಇನ್ನು ಎಡಗಡೆ. ಅಲ್ಲಿ ಇಷ್ಟು ಹೊತ್ತು ಹಿಡಿಯುವುದಿಲ್ಲ. ಚಕ್ರದ ನಟ್ ತಿರುಗಿಸುವ ಮೊದಲು ಆ ಎಲ್ ಅಕ್ಷರ ಮಾತ್ರ ನೋಡಿಕೊಳ್ಳಿ.