ಚಕ್ಲಿಯ ಜೊತೆ ಒಂದೂಕಾಲು ಕಿಲೋಮೀಟರ್

ನಮ್ಮ ಚಕ್ಲಿ ಬೀದಿಯಲ್ಲಿ ಹುಟ್ಟಿದವಳು. ಬಾಲ ಒಂದೂವರೆ ಸುತ್ತು ಸುತ್ತಿಕೊಂಡಿದೆ, ಅದಕ್ಕೇ ಆ ಹೆಸರು. ಒಂದು ಕಿವಿಯ ತುದಿ ಸ್ವಲ್ಪ ಕತ್ತರಿಸಿದ ಹಾಗಿದೆ. "ಅಂಕಲ್, ಯಾರು ಕಚ್ಚಿದ್ದು?" ಅಂತ ನಮ್ಮ ರಸ್ತೆಯ ಮಕ್ಕಳು ಆಗಾಗ ಕೇಳುತ್ತಾರೆ. ಯಾರೂ ಕಚ್ಚಿಲ್ಲ. ಬೀದಿನಾಯಿಗೆ ಸಂತಾನಹರಣದ ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ ಬಿಡುವಾಗ ಗುರುತಿಗೆ ಅಂತ ಕಿವಿ ತುದಿ ತೆಗೆದಿರುತ್ತಾರೆ. ಆ ಗುರುತು ಇಲ್ಲದಿದ್ದರೆ ಅದೇ ನಾಯಿಯನ್ನು ಇನ್ನೊಂದು ಸಲ ಹಿಡಿದು ಹೊಟ್ಟೆ ಕೊಯ್ಯುವ ಅಪಾಯ ಇರುತ್ತದೆ.

ಕಬ್ಬನ್ ಪಾರ್ಕಿನಲ್ಲಿ ನಾಯಿಗಳನ್ನು ಕರೆದುಕೊಂಡು ನಡೆಯುವ ಒಂದು ವಾಕ್ ಇದೆ, ಬಂದ ದುಡ್ಡೆಲ್ಲ ಬೀದಿನಾಯಿಗಳ ಆಪರೇಷನ್‌ಗೆ ಮತ್ತು ಲಸಿಕೆಗೆ ಹೋಗುತ್ತದೆ ಅಂತ ಗೊತ್ತಾದಾಗ, ಚಕ್ಲಿ ಹೋಗಲೇಬೇಕು ಅನ್ನಿಸಿತು. ಆ ದುಡ್ಡಿನ ಫಲ ನಮ್ಮ ಮನೆಯಲ್ಲೇ ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದೆ, ಅಲ್ವಾ?

ತೊಂದರೆ ಒಂದೇ. ಚಕ್ಲಿಗೆ ಖುಷಿ ತಡೆಯುವುದಕ್ಕೆ ಆಗುವುದಿಲ್ಲ. ಕೋಪದ ನಾಯಿ ಅಲ್ಲ, ಯಾರನ್ನೂ ಕಚ್ಚಿದವಳಲ್ಲ. ಆದರೆ ಇನ್ನೊಂದು ನಾಯಿ ಕಂಡರೆ ಸಾಕು, ಹದಿನಾರು ಕಿಲೋ ತೂಕವನ್ನೂ ಮುಂದಕ್ಕೆ ಎಸೆಯುತ್ತಾಳೆ. ಹಿಂಗಾಲ ಮೇಲೆ ನಿಂತು, ಕಿರುಚಿ, ಹಗ್ಗ ಎಳೆದು, ನೋಡುವವರಿಗೆ ಯಾರೋ ಹೊಡೆಯುತ್ತಿದ್ದಾರೆ ಅನ್ನಿಸಬೇಕು, ಹಾಗೆ. ಹಿಂದಿನ ವರ್ಷ ಒಂದು ಪೆಟ್ ಮೇಳಕ್ಕೆ ಏನೂ ತಯಾರಿ ಇಲ್ಲದೆ ಕರೆದುಕೊಂಡು ಹೋಗಿದ್ದೆ. ಹತ್ತೇ ನಿಮಿಷ. ಬಿಸ್ಕತ್ತಿನ ಸ್ಟಾಲಿನ ಟೇಬಲ್ ಮಗುಚಿತು, ನನ್ನ ಮಂಡಿ ಸುಲಿಯಿತು, ಬಿಸ್ಕತ್ತಿಗೆ ದುಡ್ಡೂ ಕೊಟ್ಟು ಬಂದೆ. ತಪ್ಪು ನಾಯಿಯದಲ್ಲ. ಈಜು ಬಾರದವರನ್ನು ಬಾವಿಗೆ ತಳ್ಳಿದ ಹಾಗೆ ಮಾಡಿದ್ದು ನಾನು.

ಈ ಸಲ ಏಳು ವಾರ ಮೊದಲೇ ಶುರು ಮಾಡಿದೆ.

ಮೊದಲು ಕಲಿತ ಪಾಠ, ಲಿವರ್ ತುಣುಕಿನದು. ಬೇಯಿಸಿದ ಕೋಳಿ ಲಿವರನ್ನು ಹೆಸರುಕಾಳಿನಷ್ಟು ಚಿಕ್ಕದಾಗಿ ಹೆಚ್ಚಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ. (ನಮ್ಮದು ಸಸ್ಯಾಹಾರಿ ಮನೆ. ಲಿವರ್ ಬೇಯುವುದು ಹಿತ್ತಲಲ್ಲಿ, ಬೇರೆ ಇಂಡಕ್ಷನ್ ಒಲೆ, ಬೇರೆ ಪಾತ್ರೆ. "ನನಗೂ ಇಷ್ಟು ಉಪಚಾರ ಮಾಡಿಲ್ಲ ಕಣೋ" ಅಂತ ಅಮ್ಮ ಅಂದರು.) ಸಾದಾ ಬಿಸ್ಕತ್ತು ಮನೆಯೊಳಗೆ ಸರಿ. ಹೊರಗೆ ಇನ್ನೊಂದು ನಾಯಿ ನಿಂತಿರುವಾಗ ಬಿಸ್ಕತ್ತಿಗೆ ಕವಡೆ ಕಿಮ್ಮತ್ತೂ ಇಲ್ಲ.

ಕೊಡುತ್ತಾ ಕೊಡುತ್ತಾ ಒಂದು ವಿಷಯ ಗಮನಕ್ಕೆ ಬಂತು. ಚಕ್ಲಿ ಸಮಾಧಾನವಾಗಿದ್ದಾಗ ತುಣುಕನ್ನು ತುಟಿಯಲ್ಲಿ ತೆಗೆದುಕೊಳ್ಳುತ್ತಾಳೆ. ಬೆರಳಿಗೆ ಒದ್ದೆ ತಾಗುತ್ತದೆ, ಅಷ್ಟೇ. ದೂರದಲ್ಲಿ ನಾಯಿ ಕಂಡಾಗ ಮುಂಹಲ್ಲು ತಾಗುತ್ತದೆ. ಇನ್ನೂ ಹತ್ತಿರ ಬಂದರೆ ಬೆರಳನ್ನೂ ಸೇರಿಸಿ ಕಿತ್ತುಕೊಳ್ಳುತ್ತಾಳೆ. ಅದನ್ನೂ ದಾಟಿದರೆ ಲಿವರ್ ಬಾಯಿಗೆ ಇಟ್ಟರೂ ಬಿದ್ದುಹೋಗುತ್ತದೆ, ಅವಳಿಗೆ ಗೊತ್ತೇ ಆಗುವುದಿಲ್ಲ. ನನ್ನ ಬೆರಳೇ ಮೀಟರ್ ಆಯಿತು. ತುಟಿ ಇದ್ದರೆ ಮುಂದೆ ಹೋಗು. ಹಲ್ಲು ತಾಗಿದರೆ ನಾಲ್ಕು ಹೆಜ್ಜೆ ಹಿಂದೆ ಬಾ. ತಿನ್ನದಿದ್ದರೆ ಮನೆಗೆ ನಡೆ. ಬಾಯಿ ಚಪ್ಪರಿಸುವುದು, ನಿದ್ದೆ ಇಲ್ಲದೆ ಆಕಳಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣು ಬಿಡುವುದು, ಇವೂ ನಾಯಿ ಕಷ್ಟದಲ್ಲಿದೆ ಅಂತ ಹೇಳುವ ಗುರುತುಗಳೇ. ಆದರೆ ಗದ್ದಲದ ನಡುವೆ ಮುಖ ನೋಡುತ್ತಾ ನಡೆಯುವುದಕ್ಕೆ ಆಗುವುದಿಲ್ಲ. ಬೆರಳು ತಾನಾಗೇ ಹೇಳುತ್ತದೆ.

ಅಭ್ಯಾಸಕ್ಕೆ ಹೋಗುತ್ತಿದ್ದದ್ದು ನಮ್ಮ ಮನೆ ಹಿಂದಿನ ಶಾಲೆಯ ಹತ್ತಿರ, ಸಂಜೆ ಬೆಲ್ ಹೊಡೆಯುವ ಹೊತ್ತಿಗೆ. ಮಕ್ಕಳು, ಆಟೋ, ಚುರುಮುರಿ ಗಾಡಿ, ಅದರ ಸುತ್ತ ಎರಡು ಮೂರು ಬೀದಿನಾಯಿ, ಎಲ್ಲ ಒಂದೇ ಕಡೆ ಸಿಗುತ್ತಿತ್ತು. ಮೊದಲ ದಿನ ಗೇಟಿನಿಂದ ಅರವತ್ತು ಹೆಜ್ಜೆ ದೂರದಲ್ಲಿ ನಿಂತೆವು. ಅವಳು ಮಕ್ಕಳ ಕಡೆ ನೋಡಿದ ಕೂಡಲೇ ಒಂದು ತುಣುಕು, ಮತ್ತೆ ನೋಡಿದರೆ ಮತ್ತೊಂದು. ನನ್ನ ಕಡೆ ತಿರುಗು ಅಂತ ಹೇಳಲೇ ಇಲ್ಲ. ವಾರ ಕಳೆಯುವಷ್ಟರಲ್ಲಿ ಗದ್ದಲ ಕೇಳಿದ ತಕ್ಷಣ ತಾನೇ ತಿರುಗಿ ನನ್ನ ಜೇಬು ನೋಡಲು ಶುರು ಮಾಡಿದಳು. ಆರನೇ ವಾರದ ಹೊತ್ತಿಗೆ ಹದಿನೈದು ಹೆಜ್ಜೆಗೆ ಬಂದಿದ್ದೆವು. ಅಲ್ಲಿಂದ ಮುಂದೆ ಹೋಗಲಿಲ್ಲ. ಎರಡು ಸಲ ಪ್ರಯತ್ನಿಸಿದೆ, ಎರಡು ಸಲವೂ ಹೆಬ್ಬೆರಳಿಗೆ ಹಲ್ಲು.

ಇನ್ನೊಂದು ಆಟ, 'ಹುಡುಕು'. ಒಂದು ಹಿಡಿ ತುಣುಕು ಹುಲ್ಲಿನ ಮೇಲೆ ಚೆಲ್ಲಿ 'ಹುಡುಕು' ಅನ್ನುವುದು. ಮೂಗು ನೆಲಕ್ಕೆ ಇಳಿದರೆ ತಲೆಯ ಬಿಸಿಯೂ ಇಳಿಯುತ್ತದೆ. ಸುಮ್ನೆ ಆಟ ಅಂದುಕೊಂಡು ಕಲಿಸಿದ್ದು, ಕೊನೆಗೆ ಕೈ ಹಿಡಿದದ್ದು ಇದೇ.

ಸಾಮಾನಿನ ವಿಷಯಕ್ಕೆ ಬಂದರೆ, ಕುತ್ತಿಗೆ ಬೆಲ್ಟಿಗೆ ಹಗ್ಗ ಹಾಕುವುದನ್ನು ನಿಲ್ಲಿಸಿ ಎದೆಯ ಮೇಲೆ ಕೊಂಡಿ ಇರುವ ಹಾರ್ನೆಸ್, ಅಂದರೆ ಮೈಗೆ ತೊಡಿಸುವ ಪಟ್ಟಿ ತಂದೆ. ಎಳೆದರೆ ಮೈ ಪಕ್ಕಕ್ಕೆ ತಿರುಗುತ್ತದೆ, ಗಂಟಲು ಬಿಗಿಯುವುದಿಲ್ಲ. ಹಿಡಿಯುವುದಕ್ಕೆ ಆರು ಅಡಿಯ ಸಾದಾ ಲೀಶ್ (ನಾಯಿ ಹಗ್ಗ). ಗುಂಡಿ ಒತ್ತಿದರೆ ಉದ್ದವಾಗುವ ಲೀಶ್ ಜನಸಂದಣಿಗೆ ಬೇಡವೇ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ. ಲಸಿಕೆ ಪುಸ್ತಕ ತೋರಿಸಬೇಕಿತ್ತು. ರೇಬಿಸ್ ಮತ್ತು ನೈನ್-ಇನ್-ಒನ್ (ಹಲವು ರೋಗಗಳಿಗೆ ಸೇರಿಸಿ ಕೊಡುವ ಲಸಿಕೆ) ಎರಡೂ ಆ ವರ್ಷದ್ದು ಆಗಿತ್ತು. ಆಗಿಲ್ಲದಿದ್ದರೆ ಹಿಂದಿನ ದಿನ ಓಡಿಹೋಗಿ ಹಾಕಿಸಿ ಪ್ರಯೋಜನವಿಲ್ಲ, ಲಸಿಕೆ ಮೈಗೆ ಹತ್ತುವುದಕ್ಕೆ ದಿನ ಬೇಕು.

ಲೀಶಿಗೆ ಹಳದಿ ರಿಬ್ಬನ್ ಕಟ್ಟಿದರೆ 'ಈ ನಾಯಿಗೆ ಜಾಗ ಬಿಡಿ' ಅಂತ ಅರ್ಥ ಎಂದು ಓದಿದ್ದೆ. ಕಟ್ಟಿದೆ. ಪಾರ್ಕಿನಲ್ಲಿ ಒಬ್ಬ ಹಿರಿಯರು "ಏನ್ ಸ್ವಾಮಿ, ಅರಿಶಿನದ ದಾರ? ದೃಷ್ಟಿಗಾ?" ಅಂತ ಕೇಳಿ ಮುಟ್ಟುವುದಕ್ಕೇ ಬಗ್ಗಿದರು. ಪುಣ್ಯಕ್ಕೆ ನನ್ನ ಮಗಳು ಹಾರ್ನೆಸ್ ಮೇಲೆ ಒಂದು ಬಟ್ಟೆ ಚೀಟಿಯನ್ನೂ ಹೊಲಿದಿದ್ದಳು: 'ಮುಟ್ಟಬೇಡಿ, ಇನ್ನೂ ಕಲಿತಾ ಇದ್ದೀನಿ.' ಅದನ್ನು ಓದಿ ನಕ್ಕು ಹಿಂದೆ ಸರಿದರು. ರಿಬ್ಬನ್‌ಗಿಂತ ಚೀಟಿ ವಾಸಿ.

ಫೆಬ್ರವರಿಯ ಭಾನುವಾರ. ಭಾನುವಾರ ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ಗಾಡಿ ಓಡುವುದಿಲ್ಲ, ನಮ್ಮಂಥವರಿಗೆ ಅದು ದೊಡ್ಡ ಅನುಕೂಲ. ಆರೂವರೆಗೆ ಸೇರಬೇಕು ಅಂದಿದ್ದರು. ಹೆಂಡತಿ ಒಬ್ಬಳೇ ಹೋಗಿ ನಂಬರ್ ಚೀಟಿ ತಂದಳು. ನಾನು, ಚಕ್ಲಿ ದೂರದ ಬಿದಿರು ಮೆಳೆಯ ಹತ್ತಿರ 'ಹುಡುಕು' ಆಡುತ್ತಾ ಇದ್ದೆವು. ಈ ಒಂದು ಕೆಲಸ ಮಾಡದಿದ್ದರೆ ನಮ್ಮ ವಾಕ್ ಶುರುವಾಗುವ ಮುಂಚೆಯೇ ಮುಗಿಯುತ್ತಿತ್ತು. ಯಾಕೆಂದರೆ ಅಲ್ಲಿ ಮೊದಲು ಭಾಷಣ, ಆಮೇಲೆ ಧ್ವನಿವರ್ಧಕ ಹಾಕಿ ಜುಂಬಾ! ನಾಯಿಗಳಿಗಾಗಿ ನಡೆಯುವ ಕಾರ್ಯಕ್ರಮದಲ್ಲಿ ನಾಯಿಗಳ ಕಿವಿಯ ಯೋಚನೆ ಯಾರಿಗೂ ಬಂದಿರಲಿಲ್ಲ. ಆರೂವರೆಗೆ ಬಂದ ನಾಯಿಗಳು ಏಳೂಕಾಲರವರೆಗೆ ಒಂದೇ ಜಾಗದಲ್ಲಿ, ಒಂದರ ಮೂತಿ ಇನ್ನೊಂದಕ್ಕೆ ತಾಗುವ ಹಾಗೆ ನಿಂತಿದ್ದವು. ಶಾಂತ ನಾಯಿಗಳೂ ಬೊಗಳಲು ಶುರು ಮಾಡಿದ್ದವು.

ಎಲ್ಲರೂ ಹೊರಟ ಮೇಲೆ ಐದು ನಿಮಿಷ ಬಿಟ್ಟು ನಾವು ಹೊರಟೆವು. ಎಲ್ಲರ ಹಿಂದೆ, ರಸ್ತೆಯ ಅಂಚಿನಲ್ಲಿ. ಮುಂದೆ ಹೋಗುವ ನಾಯಿಯ ಹಿಂಭಾಗ ನೋಡುತ್ತಾ ನಡೆಯುವುದು ಚಕ್ಲಿಗೆ ಸುಲಭ, ಎದುರಿನಿಂದ ಬರುವ ಮುಖ ಕಷ್ಟ. ಹೆಂಡತಿ ಹತ್ತು ಹೆಜ್ಜೆ ಮುಂದೆ ನಡೆದು, ಎದುರಿಗೆ ನಾಯಿ ಬಂದರೆ ಕೈ ಎತ್ತುತ್ತಿದ್ದಳು. ನಾವು ಹುಲ್ಲಿನ ಕಡೆ ಇಳಿಯುತ್ತಿದ್ದೆವು. ಬೆರಳಿಗೆ ತುಟಿ, ತುಟಿ, ತುಟಿ. ಬ್ಯಾಂಡ್‌ಸ್ಟ್ಯಾಂಡ್ ಕಾಣುವವರೆಗೆ ಹೀಗೇ ನಡೆಯಿತು. ಒಂದು ಅಳಿಲು ಮರ ಹತ್ತಿದಾಗ ಮಾತ್ರ ಒಂದು ಸಲ ಹಲ್ಲು. ಅಳಿಲಿಗೆ ನಾನು ಅಭ್ಯಾಸ ಮಾಡಿಸಿರಲಿಲ್ಲ.

ಆಗ ಬಂದದ್ದು ಗೋಲ್ಡನ್ ರಿಟ್ರೀವರ್. ಉದ್ದವಾಗುವ ಲೀಶ್, ಹದಿನೈದು ಅಡಿ ಬಿಟ್ಟಿದ್ದರು. "ನಮ್ಮವನು ತುಂಬಾ ಫ್ರೆಂಡ್ಲಿ, ಏನೂ ಮಾಡಲ್ಲ" ಅಂತ ಹಿಂದಿನಿಂದ ದನಿ ಬಂತು. "ನಮ್ಮವಳು ಮಾಡ್ತಾಳೆ ಮೇಡಂ!" ಅಂದೆ. ಅಷ್ಟರಲ್ಲಿ ಅವನ ಹಗ್ಗ ಚಕ್ಲಿಯ ಹಿಂಗಾಲಿಗೆ, ನನ್ನ ಮೀನಖಂಡಕ್ಕೆ ಒಂದೊಂದು ಸುತ್ತು ಬಿದ್ದಿತ್ತು. ತೆಳ್ಳಗಿನ ದಾರ, ಎಳೆದರೆ ಚರ್ಮವನ್ನೇ ಸೀಳುತ್ತದೆ. ಚಕ್ಲಿ ಕಿರುಚಿ ಮೇಲಕ್ಕೆ ಹಾರಿದಳು.

ಅಂಥ ಹೊತ್ತಿನಲ್ಲಿ ಕೈ ತಾನಾಗೇ ಹಗ್ಗ ಎಳೆಯುತ್ತದೆ. ಎಳೆದರೆ ನಾಯಿ ಇನ್ನೂ ಜಾಸ್ತಿ ಎಳೆಯುತ್ತದೆ. ನಾನು ಕಷ್ಟಪಟ್ಟು ಕೈ ಸಡಿಲ ಬಿಟ್ಟು, ಡಬ್ಬಿಯಲ್ಲಿದ್ದ ಲಿವರಿನಲ್ಲಿ ಅರ್ಧದಷ್ಟು ನೆಲಕ್ಕೆ ಸುರಿದು 'ಹುಡುಕು' ಅಂದೆ. ಎರಡು ಮೂಗೂ ಒಟ್ಟಿಗೆ ನೆಲಕ್ಕೆ ಇಳಿದವು. ಒಂದೇ ಊಟಕ್ಕೆ ಎರಡು ನಾಯಿ ಇಳಿದರೆ ಜಗಳ ಆಗಬಹುದು, ಆದದ್ದರಿಂದ ಇದನ್ನು ಉಪಾಯ ಅಂತ ಯಾರಿಗೂ ಹೇಳಿಕೊಡುವುದಿಲ್ಲ. ನಮ್ಮ ಅದೃಷ್ಟಕ್ಕೆ ಆ ಗೋಲ್ಡನ್ ನಿಜಕ್ಕೂ ಸಾಧು. ಆ ಹತ್ತು ಸೆಕೆಂಡಿನಲ್ಲಿ ಹೆಂಡತಿ ಬಗ್ಗಿ ಹಗ್ಗ ಬಿಡಿಸಿದಳು. ಆ ಹೆಂಗಸು ಪಾಪ ತುಂಬಾ ನೊಂದುಕೊಂಡರು. ಬೈಯಲು ಮನಸ್ಸಾಗಲಿಲ್ಲ. ಹಿಂದಿನ ವರ್ಷ ಬಿಸ್ಕತ್ತಿನ ಟೇಬಲ್ ಉರುಳಿಸಿದ್ದು ನಾವೇ ತಾನೇ.

ಅಲ್ಲಿಂದ ಚಕ್ಲಿ ಬೇರೆಯೇ ಆದಳು. ಬಾಯಿ ತೆರೆದು ಏದುಸಿರು, ನಾಲಿಗೆಯ ತುದಿ ಅಗಲವಾಗಿ ಹರಡಿಕೊಂಡಿತ್ತು. ಬಿಸಿಲೂ ಏರುತ್ತಿತ್ತು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಟಾರಿನ ಮೇಲೆ ಅಂಗೈ ಹಿಂಭಾಗ ಒತ್ತಿ ಏಳು ಎಣಿಸಿದೆ. ಸುಡಲಿಲ್ಲ, ಸದ್ಯ. ಅವಳ ಬಾಟಲಿಯಿಂದ ನೀರು ಕೊಟ್ಟೆ, ಕುಡಿದಳು. ಲಿವರ್ ಕೊಟ್ಟೆ. ಬಾಯಿಗೆ ಹೋಗಿ ಹೊರಗೆ ಬಿತ್ತು. ಇನ್ನೊಂದು ಕೊಟ್ಟೆ. ಅದೂ ಬಿತ್ತು.

ಫೋನಿನಲ್ಲಿ ನೋಡಿದರೆ ಒಂದೂಕಾಲು ಕಿಲೋಮೀಟರ್. ವಾಕ್ ಇದ್ದದ್ದು ಮೂರು. ಹಸಿರು ಟೀಶರ್ಟಿನ ಹುಡುಗಿಯೊಬ್ಬಳು "ಸರ್, ಇನ್ನು ಸ್ವಲ್ಪವೇ, ಆ ಕಡೆ ಅಡ್ಡದಾರಿ ಇದೆ, ಮುಗಿಸಿದರೆ ಮೆಡಲ್ ಕೊಡ್ತಾರೆ" ಅಂದಳು. ಒಂದು ಕ್ಷಣ ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಏಳು ವಾರ ಹಿತ್ತಲಲ್ಲಿ ಲಿವರ್ ಬೇಯಿಸಿದವನು ನಾನು. ಆದರೆ ನೆಲದ ಮೇಲೆ ಎರಡು ತುಣುಕು ಹಾಗೇ ಬಿದ್ದಿದ್ದವು, ಇರುವೆ ಬರಲು ಶುರುವಾಗಿತ್ತು. ಹತ್ತಿರದ ಗೇಟಿನಿಂದ ಹೊರಗೆ ಬಂದೆವು.

ಕಾರಿನಲ್ಲಿ ಹತ್ತು ನಿಮಿಷ ಕಿಟಕಿ ಇಳಿಸಿ ಸುಮ್ಮನೆ ಕೂತಿದ್ದೆವು. ಚಕ್ಲಿ ಒಂದು ಸಲ ಮೈ ಒದರಿದಳು, ಒದ್ದೆಯಾದ ನಾಯಿ ಒದರುವ ಹಾಗೆ. ಆಮೇಲೆ ಕೊಟ್ಟ ತುಣುಕನ್ನು ತುಟಿಯಲ್ಲಿ ತೆಗೆದುಕೊಂಡಳು.

ಮನೆಗೆ ಬಂದು ಮೊಸರನ್ನ ತಿಂದು ಮಂಚದ ಕೆಳಗೆ ಸೇರಿದವಳು ಎದ್ದದ್ದು ಸಂಜೆ ಐದಕ್ಕೆ. ಮುಂದಿನ ಎರಡು ದಿನ ಕುಕ್ಕರ್ ವಿಷಲ್‌ಗೂ ಬೆಚ್ಚುತ್ತಿದ್ದಳು, ಹಾಗಾಗಿ ಶಾಲೆಯ ಕಡೆ ಹೋಗಲಿಲ್ಲ, ಮನೆ ಮುಂದಿನ ಖಾಲಿ ಸೈಟಿನಲ್ಲಿ ಮೂಸಿಕೊಂಡಿರಲು ಬಿಟ್ಟೆ. "ಮುಗಿಸಿದ್ರಾ?" ಅಂತ ಪಕ್ಕದ ಮನೆಯವರು ಕೇಳಿದರು. ಇಲ್ಲ ಅಂದೆ. ಈಗ ಮಗಳು ಅಳಿಲಿಗೆ ಅಭ್ಯಾಸ ಮಾಡಿಸುವುದು ಹೇಗೆ ಅಂತ ಯೋಚಿಸುತ್ತಿದ್ದಾಳೆ. ಅಳಿಲುಗಳು ಶಾಲೆಯ ಬೆಲ್ ಹಾಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಅದೇ ಕಷ್ಟ.