ಗದ್ದಲದ ದಿನಲೆಕ್ಕ: ಕಿವಿ ಕಾಪಾಡಿಕೊಂಡ ನನ್ನ ಅನುಭವ

ಮರಗೆಲಸದ ಯಂತ್ರಗಳ ನಡುವೆ ದುಡಿಯುವವರು ಬೆರಳುಗಳ ಬಗ್ಗೆ ವಹಿಸುವ ಎಚ್ಚರವನ್ನು ಕಿವಿಗಳ ಬಗ್ಗೆ ವಹಿಸುವುದು ಕಡಿಮೆ. ಬೆರಳಿಗೆ ತಗುಲಿದ ಗಾಯ ಆ ಕ್ಷಣವೇ ಕಾಣುತ್ತದೆ. ಗದ್ದಲದಿಂದ ಕಿವಿಗಾಗುವ ಹಾನಿ ಸಾಮಾನ್ಯವಾಗಿ ನೋಯುವುದೂ ಇಲ್ಲ, ವರ್ಷಗಟ್ಟಲೆ ಗೊತ್ತಾಗುವುದೂ ಇಲ್ಲ. ನಾನು ಈ ಕಸುಬಿಗೆ ಬಂದಾಗ ಜೊತೆಗಿದ್ದ ಹಿರಿಯರಲ್ಲಿ ಹಲವರು, ದನಿ ಕೇಳಿಸುತ್ತದೆ ಆದರೆ ಮಾತು ತಿಳಿಯುವುದಿಲ್ಲ ಎನ್ನುತ್ತಿದ್ದರು. ಗದ್ದಲ ಮೊದಲು ಕೆಡಿಸುವುದು 3000ದಿಂದ 6000 ಹರ್ಟ್ಸ್‌ವರೆಗಿನ (ಹರ್ಟ್ಸ್ ಎಂದರೆ ಸ್ವರದ ಎತ್ತರದ ಅಳತೆ) ತೀಕ್ಷ್ಣ ಸ್ವರಗಳನ್ನು ಹಿಡಿಯುವ ಶಕ್ತಿಯನ್ನು. ಸ, ಶ, ಚ ಮುಂತಾದ ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸುವ ಸುಳಿವುಗಳು ಬಹುಮಟ್ಟಿಗೆ ಈ ಎತ್ತರದಲ್ಲೇ ಇರುತ್ತವೆ. ಒಳಗಿವಿಯಲ್ಲಿ ಸುರುಳಿಯಾಗಿರುವ ಕಾಕ್ಲಿಯಾ ಎಂಬ ಭಾಗದಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಮಾತ್ರ. ಅವು ಹಕ್ಕಿಗಳಲ್ಲಿ ಸತ್ತ ಮೇಲೂ ಹೊಸದಾಗಿ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ.

ಇದನ್ನು ತಿಳಿದ ಮೇಲೆ ನಾನು ಗದ್ದಲವನ್ನು ಮನೆಖರ್ಚಿನ ಹಾಗೆ ಲೆಕ್ಕವಿಡಲು ಆರಂಭಿಸಿದೆ. ಉದ್ಯೋಗಸ್ಥಳಗಳಿಗೆ ಹಲವೆಡೆ ಅನುಸರಿಸುವ ಸೂತ್ರ ಸರಳವಾಗಿದೆ: 85 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಗದ್ದಲದಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧಕ್ಕಿಳಿಯುತ್ತದೆ. ಅಂದರೆ 88ಕ್ಕೆ 4 ಗಂಟೆ, 94ಕ್ಕೆ ಒಂದೇ ಗಂಟೆ, 100 ಡೆಸಿಬಲ್‌ಗೆ ಕೇವಲ 15 ನಿಮಿಷ. ಫೋನಿನ ಶಬ್ದಮಾಪಕ ಆ್ಯಪ್ ಕರಾರುವಾಕ್ಕಾಗಿರದಿದ್ದರೂ ಯಾವ ಯಂತ್ರ ಹೆಚ್ಚು ಅಪಾಯಕಾರಿ ಎಂಬ ಅಂದಾಜು ಕೊಡುತ್ತದೆ. ಆ್ಯಪ್ ಇಲ್ಲದಿದ್ದರೆ, ತೋಳಳತೆಯಲ್ಲಿ ನಿಂತವರೊಡನೆ ಮಾತನಾಡಲು ದನಿಯೇರಿಸಬೇಕಾದ ಜಾಗವನ್ನು 85 ಡೆಸಿಬಲ್‌ನದ್ದೆಂದೇ ಎಣಿಸುತ್ತೇನೆ. ಹಲಗೆ ನಯಗೊಳಿಸುವ ಪ್ಲೇನರ್ ಮತ್ತು ಮರದಲ್ಲಿ ಗಾಡಿ ಕೊರೆಯುವ ರೂಟರ್ ಈ ಮಿತಿಯನ್ನು ಸುಲಭವಾಗಿ ದಾಟುತ್ತವೆ.

ಲೆಕ್ಕ ಕೈಗೆ ಸಿಕ್ಕ ಮೇಲೆ ಕೆಲಸದ ಕ್ರಮವೇ ಬದಲಾಯಿತು. ಹಲಗೆಗಳನ್ನು ಬೇಕೆನಿಸಿದಾಗಲೆಲ್ಲ ಒಂದೊಂದಾಗಿ ಯಂತ್ರಕ್ಕೆ ಕೊಡುವ ಬದಲು ಗದ್ದಲದ ಕೆಲಸವನ್ನೆಲ್ಲ ಒಟ್ಟುಗೂಡಿಸಿ ಒಂದೇ ಅವಧಿಯಲ್ಲಿ ಮುಗಿಸುತ್ತೇನೆ; ಅಳತೆ, ಜೋಡಣೆ, ಪಾಲಿಶ್ ಆಮೇಲೆ. ಧೂಳು ಎಳೆಯುವ ಯಂತ್ರವನ್ನು ಉದ್ದದ ಕೊಳವೆ ಹಾಕಿ ಗೋಡೆಯಾಚೆಗೆ ಸರಿಸಿದ್ದರಿಂದ ಆದ ಉಪಕಾರ ನಾನು ಎಣಿಸಿದ್ದಕ್ಕಿಂತ ದೊಡ್ಡದು. ಗರಗಸದ ಬ್ಲೇಡು ಮೊಂಡಾದಷ್ಟೂ ಕಿರುಚಾಟ ಹೆಚ್ಚುವುದರಿಂದ ಸಾಣೆ ಹಿಡಿಸುವುದನ್ನೂ ನಾನು ಕಿವಿಯ ಆರೈಕೆಗೇ ಸೇರಿಸುತ್ತೇನೆ.

ಇಯರ್‌ಪ್ಲಗ್ ಎಂದರೆ ತೂತಿಗೆ ತುರುಕುವ ಬಿರಡೆ ಎಂದುಕೊಂಡವರೇ ಹೆಚ್ಚು. ಫೋಮಿನ ಪ್ಲಗ್ಗನ್ನು ಶುಚಿಯಾದ, ಒಣಗಿದ ಬೆರಳುಗಳ ನಡುವೆ ಸುಕ್ಕಿಲ್ಲದಂತೆ ಸಣ್ಣಗೆ ಹೊಸೆಯಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದರೆ ಕಿವಿನಾಳ ನೇರವಾಗುತ್ತದೆ. ಆಗ ಪ್ಲಗ್ಗನ್ನು ಒಳಸೇರಿಸಿ, ಅದು ಉಬ್ಬಿ ಕೂರುವ ತನಕ, ಅಂದರೆ ಸುಮಾರು ಅರ್ಧ ನಿಮಿಷ, ಬೆರಳ ತುದಿಯಿಂದ ಒತ್ತಿ ಹಿಡಿಯಬೇಕು. ಯಂತ್ರ ಓಡುತ್ತಿರುವಾಗ ಎರಡೂ ಅಂಗೈಗಳಿಂದ ಕಿವಿಗಳನ್ನು ಮುಚ್ಚಿ ತೆಗೆದು ನೋಡುತ್ತೇನೆ. ಸದ್ದಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲದಿದ್ದರೆ ಪ್ಲಗ್ ಸರಿಯಾಗಿ ಕೂತಿದೆ ಎಂದರ್ಥ. ಹತ್ತಿ ತುರುಕಿಕೊಳ್ಳುವುದರಿಂದ ಈ ಮಟ್ಟದ ಗದ್ದಲ ತಡೆಯಲಾಗದು. ಇಡೀ ಕಿವಿಯನ್ನು ಹೊರಗಿಂದ ಮುಚ್ಚುವ ಇಯರ್‌ಮಫ್ ಬಳಸುವವರು, ಕನ್ನಡಕದ ಕಾಲು ಅದರ ಮೆತ್ತೆಯಡಿ ಸಂದು ಮಾಡಿದೆಯೇ ಎಂದು ನೋಡಿಕೊಳ್ಳಬೇಕು.

ಅದಕ್ಕಿಂತಲೂ ಮುಖ್ಯವಾದುದು ಪ್ಲಗ್ಗನ್ನು ನಡುವೆ ತೆಗೆಯದಿರುವುದು. ಒಂದೇ ಸಮನೆ ಗದ್ದಲವಿರುವ 8 ಗಂಟೆಯ ಪಾಳಿಯಲ್ಲಿ, 30 ಡೆಸಿಬಲ್ ತಡೆಯುವ ಪ್ಲಗ್ಗನ್ನು ಒಟ್ಟು ಅರ್ಧ ಗಂಟೆ ಮಾತ್ರ ತೆಗೆದಿಟ್ಟರೂ ದಿನದ ಲೆಕ್ಕದಲ್ಲಿ ಉಳಿಯುವ ರಕ್ಷಣೆ ಸುಮಾರು 12 ಡೆಸಿಬಲ್. ಆದ್ದರಿಂದ ಯಾರಾದರೂ ಮಾತನಾಡಿಸಿದರೆ ನಾನು ಮೊದಲು ಯಂತ್ರ ನಿಲ್ಲಿಸುತ್ತೇನೆ. ಇದರಿಂದ ಅನಗತ್ಯ ಹರಟೆಯೂ ಕಡಿಮೆಯಾಗಿದೆ.

ಗರಗಸದ ಸದ್ದಾಗಲಿ ಸಂಗೀತವಾಗಲಿ, ರೋಮಕೋಶಗಳಿಗೆ ಎರಡೂ ಒಂದೇ. ಇಯರ್‌ಫೋನ್ ಮೂಲಕ ಕೇಳುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. 90 ಡೆಸಿಬಲ್‌ಗೆ ಏರಿಸಿದರೆ ಅದು 4 ಗಂಟೆಗಿಳಿಯುತ್ತದೆ. ನಾನು ನಿಶ್ಶಬ್ದವಾದ ಕೋಣೆಯಲ್ಲಿ ವಾಲ್ಯೂಮ್ ಹೊಂದಿಸಿಕೊಂಡು ಹೊರಗೆ ಹೋದಾಗ ಅದನ್ನು ಏರಿಸದಿರುವ ಪದ್ಧತಿ ಇಟ್ಟುಕೊಂಡಿದ್ದೇನೆ. ಹೊರಗಿನ ಸದ್ದಿನಲ್ಲಿ ಕೇಳಿಸದಿದ್ದರೆ ಆರಿಸಿಬಿಡುತ್ತೇನೆ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಪ್ರಯಾಣದಲ್ಲಿ ವಾಲ್ಯೂಮ್ ತಗ್ಗಿಸಲು ನೆರವಾಗುತ್ತದೆ, ಆದರೆ ಅದು ಯಂತ್ರದ ಮುಂದೆ ಇಯರ್‌ಮಫ್‌ಗೆ ಬದಲಿಯಾಗಲಾರದು.

ಗುಗ್ಗೆಯ ವಿಚಾರದಲ್ಲಿ ನಾನು ಮಾಡುವುದು ಬಹಳ ಕಡಿಮೆ, ಮಾಡಬೇಕಾದುದೂ ಅಷ್ಟೇ. ಕಿವಿನಾಳದ ಚರ್ಮ ನಿಧಾನವಾಗಿ ಹೊರಮುಖವಾಗಿ ಸರಿಯುತ್ತಾ ಗುಗ್ಗೆಯನ್ನೂ ಧೂಳನ್ನೂ ತಾನೇ ಹೊರತರುತ್ತದೆ. ಹತ್ತಿಕಡ್ಡಿ (ಬಡ್ಸ್) ಹಾಕಿದರೆ ಅದು ಒಳಕ್ಕೆ ಒತ್ತಿಕೊಳ್ಳುತ್ತದೆ. ಬಡಗಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಜಾಗ ಕಿವಿಯ ಹಿಂದೆ ಇದೆ, ಕಿವಿಯೊಳಗೆ ಇಲ್ಲ.

ವರ್ಷಕ್ಕೊಮ್ಮೆ ಆಡಿಯಾಲಜಿಸ್ಟ್ ಬಳಿ ಶ್ರವಣ ಪರೀಕ್ಷೆ ಮಾಡಿಸುತ್ತೇನೆ. ಗದ್ದಲದಿಂದ ತಾತ್ಕಾಲಿಕವಾಗಿ ಮಂಕಾದ ಕಿವಿ ತಪ್ಪು ಚಿತ್ರ ಕೊಡಬಹುದಾದ್ದರಿಂದ ಸಂಜೆ ಕೆಲಸ ಮುಗಿಸಿ ಓಡದೆ, ರಜೆಯ ಮರುದಿನ ಬೆಳಿಗ್ಗೆ ಯಂತ್ರ ಮುಟ್ಟುವ ಮೊದಲೇ ಹೋಗುತ್ತೇನೆ. ಆ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ನಲ್ಲಿ ನಾನು ಮೊದಲು ನೋಡುವುದು 4000 ಹರ್ಟ್ಸ್ ಬಳಿಯ ಬಿಂದುವನ್ನು. ಗೆರೆ ಅಲ್ಲಿ ಕುಸಿದು 8000ದಲ್ಲಿ ಮತ್ತೆ ಮೇಲೇರಿದ್ದರೆ ಗದ್ದಲದ ಪೆಟ್ಟಿನ ಸಂಶಯ ಬರುತ್ತದೆ. ಹಳೆಯ ವರದಿಗಳನ್ನೂ ಜೊತೆಗೊಯ್ಯುತ್ತೇನೆ, ಏಕೆಂದರೆ ಒಂದೇ ಹಾಳೆಗಿಂತ ಹಾಳೆಗಳ ನಡುವಿನ ಬದಲಾವಣೆ ಹೆಚ್ಚು ತಿಳಿಸುತ್ತದೆ. ಜೆಂಟಾಮೈಸಿನ್, ಅಮಿಕಾಸಿನ್ ಎಂಬ ಆ್ಯಂಟಿಬಯಾಟಿಕ್‌ಗಳು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಇಂಥ ಔಷಧಗಳು ಒಳಗಿವಿಗೆ ಹಾನಿ ಮಾಡಬಲ್ಲವಾದ್ದರಿಂದ, ಬೇರೆ ಕಾಯಿಲೆಗೆ ಹೋದಾಗಲೂ ನನ್ನ ಕೆಲಸದ ಗದ್ದಲದ ವಿಷಯವನ್ನು ವೈದ್ಯರಿಗೆ ತಿಳಿಸುತ್ತೇನೆ.

ಸಂಜೆ ಕಿವಿ ಗುಂಯ್‌ಗುಟ್ಟಿದರೆ ಆ ದಿನದ ಮಿತಿ ಮೀರಿದೆ ಎಂದು ತಿಳಿದು ಮರುದಿನ ಯಂತ್ರದ ಕೆಲಸ ಇಟ್ಟುಕೊಳ್ಳುವುದಿಲ್ಲ. ಆದರೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಗುಗ್ಗೆ ಕಟ್ಟಿರಬೇಕೆಂದು ಸುಮ್ಮನೆ ಕೂರುವ ವಿಷಯ ಅದಲ್ಲ. ಒಳಗಿವಿಯ ಹಠಾತ್ ಕಿವುಡಿಗೆ ಸ್ಟೀರಾಯ್ಡ್ ಚಿಕಿತ್ಸೆ ಆರಂಭದ ದಿನಗಳಲ್ಲಿ ಸಿಕ್ಕರೆ ಗುಣವಾಗುವ ಸಾಧ್ಯತೆ ಹೆಚ್ಚು, ತಡವಾದಂತೆ ಅದು ಇಳಿಯುತ್ತದೆ. ಹಾಗಾಗಿ ಅಂದೇ ಇಎನ್‌ಟಿ ವೈದ್ಯರಿಗೆ ತೋರಿಸಬೇಕು.