ಆಫೀಸಿನ ಮೇಲ್ ಸರ್ವರ್‌ಗೆ ಹೊರಗಿನ ಮೇಲ್ ತರಿಸುವುದು ಹೇಗೆ?

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ವ್ಯಾಪಾರಿ ಇರಲಿ, ಪಿ.ಜೆ. ಬಡಾವಣೆಯ ಆಡಿಟರ್ ಇರಲಿ, ಸ್ವಂತ ಡೊಮೇನ್ ಹೆಸರಿನ ಇಮೇಲ್ ಇದ್ದರೆ ಚೆಂದ. ಆಫೀಸಿನಲ್ಲೇ ಒಂದು ಪುಟ್ಟ ಮೇಲ್ ಸರ್ವರ್ ಇದ್ದರೆ ಇನ್ನೂ ಒಳ್ಳೆಯದು. ನೆಟ್ ಹೋದರೂ ಹಳೆಯ ಆರ್ಡರ್, ಬಿಲ್ಲು ತೆರೆದು ನೋಡಬಹುದು. ಆದರೆ ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿ ವಿಳಾಸ, ಅಂದರೆ ನೆಟ್‌ನಲ್ಲಿ ನಿಮ್ಮನ್ನು ಗುರುತಿಸುವ ಸಂಖ್ಯೆ, ಬದಲಾಗುತ್ತಾ ಇರುತ್ತದೆ. ಮೇಲ್ ಒಳಬರುವ ಬಾಗಿಲು, ಅಂದರೆ 25ನೇ ಪೋರ್ಟ್, ಎಷ್ಟೋ ಕಡೆ ಮುಚ್ಚಿರುತ್ತದೆ. ಹಾಗಾಗಿ ಮೇಲ್ ಮೊದಲು ನಿಮ್ಮ ಡೊಮೇನ್‌ನ ಮೇಲ್ ನೋಡಿಕೊಳ್ಳುವ ಹೋಸ್ಟಿಂಗ್ ಕಂಪನಿಯ ಪೆಟ್ಟಿಗೆಯಲ್ಲಿ ಬೀಳುತ್ತದೆ, ಅಲ್ಲಿಂದ ನಿಮ್ಮ ಸರ್ವರ್ ಹೋಗಿ ತರಬೇಕು.

ನಿಮ್ಮ ಸರ್ವರ್‌ನಲ್ಲಿ ಮೇಲ್ ತರಿಸುವ ಸೆಟ್ಟಿಂಗ್ ತೆರೆದ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. 'ಮೂಲ ಸರ್ವರ್‌ನಲ್ಲಿ ಪ್ರತಿ ಉಳಿಸು' ಎಂಬ ಆಯ್ಕೆಗೆ ಟಿಕ್ ಹಾಕಿ. ಲಿನಕ್ಸ್‌ನಲ್ಲಿ ಮೇಲ್ ತರುವ ಫೆಚ್‌ಮೇಲ್ ತಂತ್ರಾಂಶ ಬಳಸುವವರು ಅದರ ಸೆಟ್ಟಿಂಗ್‌ನಲ್ಲಿ 'ಕೀಪ್' (keep) ಎಂಬ ಪದ ಸೇರಿಸಿ. ಇದನ್ನು ಬಿಟ್ಟರೆ ಮೇಲ್ ತಂದ ತಕ್ಷಣ ಅಲ್ಲಿಂದ ಅಳಿಸಿಹೋಗಬಹುದು. ಮುಂದೆ ಏನೇ ತಪ್ಪಾದರೂ ಮೂಲ ಪ್ರತಿ ಇದ್ದರೆ ಮತ್ತೆ ತರಬಹುದು, ಅಳಿಸಿದ್ದರೆ ದಾರಿಯೇ ಇಲ್ಲ.

ಆಮೇಲೆ ಹೋಸ್ಟಿಂಗ್‌ನ ಸರ್ವರ್ ಹೆಸರು, ಪೋರ್ಟ್, ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ. ಮೇಲ್ ತರಲು ಪಾಪ್3, ಐಮ್ಯಾಪ್ ಎಂಬ ಎರಡು ವಿಧಾನಗಳಿವೆ. ಪಾಪ್3 ಆದರೆ 995, ಐಮ್ಯಾಪ್ ಆದರೆ 993, ಎರಡಕ್ಕೂ ಎಸ್‌ಎಸ್‌ಎಲ್/ಟಿಎಲ್‌ಎಸ್ (ಸಾಗುವ ಮಾಹಿತಿಯನ್ನು ಗುಟ್ಟಾಗಿಡುವ ಎನ್‌ಕ್ರಿಪ್ಶನ್) ಆನ್ ಇರಲಿ. 110 ಮತ್ತು 143 ಹಳೆಯ ಪೋರ್ಟ್‌ಗಳು. ಅವುಗಳಲ್ಲಿ ಎನ್‌ಕ್ರಿಪ್ಶನ್ ಹಾಕದೆ ಬಿಟ್ಟರೆ ಪಾಸ್‌ವರ್ಡ್ ಬಯಲಲ್ಲೇ ಸಾಗುತ್ತದೆ. ಯೂಸರ್‌ನೇಮ್ ಜಾಗದಲ್ಲಿ ಸಾಮಾನ್ಯವಾಗಿ ಪೂರ್ತಿ ಇಮೇಲ್ ವಿಳಾಸವನ್ನೇ ಹಾಕಬೇಕು. ಜಿಮೇಲ್‌ನಿಂದ ತರುವುದಾದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಹಾಕಿ.

ಪಾಪ್3 ಒಳ್ಳೆಯದಾ, ಐಮ್ಯಾಪಾ? ತಂದು ಇಟ್ಟುಕೊಳ್ಳುವ ಕೆಲಸಕ್ಕೆ ಎರಡೂ ಆಗುತ್ತದೆ. ಆದರೆ ಪಾಪ್3ಗೆ ಕಾಣುವುದು ಇನ್‌ಬಾಕ್ಸ್ ಮಾತ್ರ. ನಾಮಕ್ಕಲ್‌ನ ಹೊಸ ಕೋಳಿ ಫಾರಂನವರು ಮೊದಲ ಸಲ ಜೋಳದ ಆರ್ಡರ್ ಕಳಿಸಿದರು, ಅದು ಹೋಸ್ಟಿಂಗ್‌ನ ಸ್ಪ್ಯಾಮ್ ಫೋಲ್ಡರ್‌ಗೆ ಬಿತ್ತು ಅಂದುಕೊಳ್ಳಿ. ನಿಮ್ಮ ಸರ್ವರ್‌ಗೆ ಅದು ಬರುವುದೇ ಇಲ್ಲ. ಐಮ್ಯಾಪ್ ಆದರೆ ಸ್ಪ್ಯಾಮ್ ಫೋಲ್ಡರ್ ಹೆಸರನ್ನೂ ಕೊಟ್ಟು ತರಿಸಬಹುದು. ನಾನಂತೂ ಐಮ್ಯಾಪನ್ನೇ ಆರಿಸುತ್ತೇನೆ.

ಸರ್ಟಿಫಿಕೇಟ್ ಅಂದರೆ ಸರ್ವರ್‌ನ ಗುರುತಿನ ಚೀಟಿ. 'ಸರ್ಟಿಫಿಕೇಟ್ ಸರಿಯಿಲ್ಲ' ಎಂಬ ಎಚ್ಚರಿಕೆ ಬಂದರೆ ಆ ತಪಾಸಣೆಯನ್ನೇ ಆಫ್ ಮಾಡಿ ಮುಂದೆ ಹೋಗಬೇಡಿ. ಎಷ್ಟೋ ಸಲ ತಪ್ಪು ಇರುವುದು ಹೆಸರಿನಲ್ಲಿ. ನಿಮ್ಮ ಡೊಮೇನ್ ಹೆಸರಿನ ಬದಲು ಹೋಸ್ಟಿಂಗ್ ಕಂಪನಿ ಕೊಟ್ಟ ಸರ್ವರ್ ಹೆಸರನ್ನೇ ಹಾಕಿ ನೋಡಿ. ಇನ್ನೊಂದು ಕಾರಣ ಕಂಪ್ಯೂಟರಿನ ತಾರೀಖು. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಗಡಿಯಾರ ಹಳೆಯ ವರ್ಷಕ್ಕೆ ಹೋಗಿರುತ್ತದೆ, ಆಗ ಎಲ್ಲ ಸರ್ಟಿಫಿಕೇಟೂ ತಪ್ಪಾಗಿ ಕಾಣುತ್ತದೆ. ಬ್ಯಾಟರಿ ಬದಲಿಸಿ, ಸಮಯ ನೆಟ್‌ನಿಂದ ತಾನೇ ಸರಿಹೋಗುವಂತೆ ಮಾಡಿ.

ಇನ್ನು ತಂದ ಮೇಲ್ ಯಾರ ಪೆಟ್ಟಿಗೆಗೆ ಹೋಗಬೇಕು? ಇಲ್ಲಿ ನಿಧಾನವಾಗಿ ಯೋಚಿಸಿ. ದುಡ್ಡು ಉಳಿಸಲು ಕೆಲವರು ಹೋಸ್ಟಿಂಗ್‌ನಲ್ಲಿ ಒಂದೇ ಪೆಟ್ಟಿಗೆ ಇಟ್ಟು, ಡೊಮೇನ್‌ಗೆ ಬರುವ ಎಲ್ಲ ಮೇಲನ್ನೂ ಅದರಲ್ಲೇ ಬೀಳಿಸುತ್ತಾರೆ. ಆಫೀಸಿನ ಸರ್ವರ್ 'ಟು' ಸಾಲು ನೋಡಿ ಹಂಚಲಿ ಎಂಬ ಲೆಕ್ಕ. ಇದು ಕೈ ಕೊಡುತ್ತದೆ. ಮೇಲ್ ಸಾಗುವಾಗ ನಿಜವಾದ ವಿಳಾಸ ಇರುವುದು ಹೊರಗಿನ ಲಕೋಟೆಯ ಮೇಲೆ. ಪೆಟ್ಟಿಗೆಗೆ ಬಿದ್ದಾಗ ಆ ಲಕೋಟೆ ಹರಿದುಹೋಗಿರುತ್ತದೆ, ಒಳಗಿನ ಕಾಗದ ಮಾತ್ರ ಉಳಿಯುತ್ತದೆ. ಬಿಸಿಸಿಯಲ್ಲಿ (ಬೇರೆಯವರಿಗೆ ಹೆಸರು ಕಾಣದಂತೆ ಕಳಿಸುವ ಪ್ರತಿ) ಬಂದ ಮೇಲ್‌ನ 'ಟು' ಸಾಲಿನಲ್ಲಿ ನಿಮ್ಮವರ ಹೆಸರೇ ಇರುವುದಿಲ್ಲ. ಆಗ ಸರ್ವರ್ ಅದನ್ನು ಯಾರಿಗೋ ಹಾಕುತ್ತದೆ. ಸೆಟ್ಟಿಂಗ್ ಕೆಟ್ಟಿದ್ದರೆ 'ಟು' ಸಾಲಿನಲ್ಲಿರುವ ಹೊರಗಿನವರಿಗೇ ಮತ್ತೊಮ್ಮೆ ಕಳಿಸಿಬಿಡುತ್ತದೆ. ನಿಮ್ಮ ಗಿರಾಕಿಗಳಿಗೆ ಒಂದೇ ಪತ್ರ ಎರಡೆರಡು ಸಲ ಹೋದರೆ ಚೆನ್ನಾಗಿರುತ್ತಾ? ಹೋಸ್ಟಿಂಗ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ಮಾಡಿ. ಅಲ್ಲಿನ ಒಂದು ಖಾತೆಗೆ ಇಲ್ಲಿನ ಒಂದು ಖಾತೆ ಅಂತ ಜೋಡಿಸಿ. ಸ್ವಲ್ಪ ಖರ್ಚು ಜಾಸ್ತಿಯಾದರೂ ಇದೇ ಸರಿಯಾದ ದಾರಿ.

ಎಷ್ಟು ಹೊತ್ತಿಗೊಮ್ಮೆ ತರಬೇಕು? 5ರಿಂದ 10 ನಿಮಿಷ ಸಾಕು. ನಿಮಿಷಕ್ಕೆ ಹತ್ತು ಸಲ ಬಾಗಿಲು ತಟ್ಟಿದರೆ ಕೆಲವು ಸರ್ವರ್‌ಗಳು ಸ್ವಲ್ಪ ಹೊತ್ತು ಲಾಗಿನ್ನನ್ನೇ ತಡೆಯುತ್ತವೆ.

ಈಗ ಪರೀಕ್ಷೆ. ಬೇರೆ ಖಾತೆಯಿಂದ ಮೂರು ಮೇಲ್ ಕಳಿಸಿ: ಒಂದು ಸಾದಾ, ಒಂದು ದೊಡ್ಡ ಪಿಡಿಎಫ್ ಇರುವುದು, ಒಂದು ಕನ್ನಡದಲ್ಲಿ ಬರೆದದ್ದು. ಮೂರೂ ಸರಿಯಾದ ಪೆಟ್ಟಿಗೆಗೆ, ಒಂದೊಂದೇ ಸಲ ಬಂದವಾ ನೋಡಿ. ಒಮ್ಮೆ ಬಂದ ಮೇಲ್ ಮತ್ತೆ ಮತ್ತೆ ಬರುತ್ತಿದ್ದರೆ, ಯಾವುದನ್ನು ಆಗಲೇ ತಂದಿದ್ದೇನೆ ಎಂಬುದನ್ನು ಸರ್ವರ್ ನೆನಪಿಟ್ಟುಕೊಳ್ಳುತ್ತಿಲ್ಲ ಎಂದರ್ಥ. ಪಾಪ್3ನಲ್ಲಿ ಯುಐಡಿಎಲ್ ಆಯ್ಕೆ (ಪ್ರತಿ ಮೇಲ್‌ಗೂ ಇರುವ ಗುರುತನ್ನು ನೋಡುವುದು) ಆನ್ ಮಾಡಿದರೆ ಇದು ನಿಲ್ಲುತ್ತದೆ. ಏನೂ ಬರದಿದ್ದರೆ ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ಕಡತ, ಓದಿ. ಪಾಸ್‌ವರ್ಡ್ ತಪ್ಪೋ, ಪೋರ್ಟ್ ಸಿಗುತ್ತಿಲ್ಲವೋ, ಅಲ್ಲೇ ಬರೆದಿರುತ್ತದೆ.

ಒಂದೆರಡು ವಾರ ಹೀಗೇ ನಡೆಯಲಿ. ಪ್ರತಿ ಉಳಿಸುತ್ತಲೇ ಹೋದರೆ ಹೋಸ್ಟಿಂಗ್‌ನ ಪೆಟ್ಟಿಗೆ ತುಂಬುತ್ತದೆ, ತುಂಬಿದರೆ ಹೊಸ ಮೇಲ್ ಕಳಿಸಿದವರಿಗೇ ವಾಪಸ್ ಹೋಗುತ್ತದೆ. ಅದಕ್ಕೆ 30 ದಿನ ಹಳೆಯದನ್ನು ಅಳಿಸುವಂತೆ ಹೊಂದಿಸಿ. ಆದರೆ ಅದಕ್ಕೂ ಮೊದಲು ಆಫೀಸಿನ ಸರ್ವರ್‌ನ ಬ್ಯಾಕಪ್ ಬೇರೊಂದು ಡಿಸ್ಕ್‌ಗೆ ಹೋಗುತ್ತಿದೆಯಾ ಎಂದು ಒಂದು ಹಳೆಯ ಮೇಲನ್ನು ಅಲ್ಲಿಂದ ವಾಪಸ್ ತೆಗೆದು ಖಚಿತ ಮಾಡಿಕೊಳ್ಳಿ.